ಮೂವತ್ನಾಲ್ಕು ಮಿಲಿಮೀಟರ್

ಮೇ 13, 2025, ಮಂಗಳವಾರ

ಇವತ್ತು ಹದಿನಾಲ್ಕು ಪೇಷಂಟು. ಐದು ತಲೆ, ಆರು ಹೊಟ್ಟೆ, ಮೂರು ಎದೆ. ಮಧ್ಯಾಹ್ನ ಎಸಿ ಕೈಕೊಟ್ಟು ಸಿ.ಟಿ. ಮಿಷನ್ನನ್ನು ಅರ್ಧ ತಾಸು ನಿಲ್ಲಿಸಬೇಕಾಯಿತು. ಮಿಷನ್ನಿಗೆ ಸೆಕೆಯಾದರೆ ಮಾಲೀಕರು ಓಡಿ ಬರುತ್ತಾರೆ. ನಮಗೆ ಸೆಕೆಯಾದರೆ ಕಿಟಕಿ ತೆಗೀರಿ ಎನ್ನುತ್ತಾರೆ.

ಈ ಡೈರಿ ಜನವರಿಯಲ್ಲಿ ಯಾವುದೋ ಔಷಧ ಕಂಪನಿಯವರು ಕೊಟ್ಟದ್ದು. ನಾಲ್ಕು ತಿಂಗಳು ಖಾಲಿ ಬಿದ್ದಿತ್ತು. ಇವತ್ತು ಯಾಕೋ ತೆಗೆದೆ.

ಕೊನೆಯ ಎದೆ ರಹೀಮುನ್ನೀಸಾ ಖಾಲಾ ಅವರದು. ಫೆಬ್ರವರಿಯಲ್ಲಿ ಮೊದಲ ಸ್ಕ್ಯಾನಿಗೆ ಬಂದಾಗ ಮಗಳು ರುಮಾನಾಳ ಭುಜ ಹಿಡಿದು, ಎರಡು ಹೆಜ್ಜೆಗೊಮ್ಮೆ ನಿಂತು ಬಂದಿದ್ದರು. ಬಲಗಡೆ ಶ್ವಾಸಕೋಶದಲ್ಲಿ ಗಡ್ಡೆ. ಮೂರು ತಿಂಗಳಿಂದ ದಿನಕ್ಕೊಂದು ಕ್ಯಾನ್ಸರ್ ಮಾತ್ರೆ ನಡೆದಿದೆ. ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಲಿಕ್ಕೆ ಇವತ್ತಿನ ಸ್ಕ್ಯಾನು. ಈ ಸಲ ಯಾರ ಭುಜವನ್ನೂ ಹಿಡಿಯದೆ ಬಂದರು.

"ಏ ಹಾಲಪ್ಪ, ಮಾತ್ರೆ ಹಿಡಿದೈತೆ ನೋಡೋ. ಕೆಮ್ಮು ಅರ್ಧಕ್ಕರ್ಧ ಇಳಿದೈತೆ. ಮೊನ್ನೆ ಭಟ್ಟಿತನಕ ನಡಕಂಡು ಹೋಗಿ ಬಂದೆ."

"ಭಟ್ಟಿಗ್ಯಾಕ ಹೋದ್ರಿ ಖಾಲಾ? ಆ ಹೊಗೆ ಕುಡಿದದ್ದು ಸಾಲ್ದಾ?"

"ಹೊಗೆ ಕುಡಿಯಾಕಲ್ಲೋ, ಮಂದಿ ಮಾತಾಡ್ಸಾಕ."

ನಲವತ್ತು ವರ್ಷ ಮಂಡಕ್ಕಿ ಭಟ್ಟಿಯ ಮುಂದೆ ಕೂತು ಕಾದ ಮರಳಿನಲ್ಲಿ ಅಕ್ಕಿ ಹುರಿದವರು. ನಾನು ಕುಕ್ಕುವಾಡದಿಂದ ಬಂದು ದಾವಣಗೆರೆಯಲ್ಲಿ ಈ ಕೆಲಸ ಕಲಿಯುವಾಗ ಮೂರು ವರ್ಷ ಇದ್ದದ್ದು ಅವರ ಮನೆಯ ಹಿಂದಿನ ಕೋಣೆಯಲ್ಲಿ. ಚಿಕ್ಕಮ್ಮ ಎನ್ನುವ ಹಾಗೆ ಖಾಲಾ ಎಂದು ಕರೆಯುವುದು ಆಗಿನ ರೂಢಿ. ಗಂಡ ಇಮಾಮ್ ಸಾಬ್ ಆಗ ಬದುಕಿದ್ದರು. ನನಗೆ ಟೈಫಾಯಿಡ್ ಆದಾಗ ಹನ್ನೊಂದು ದಿನ ಗಂಜಿ ಕುಡಿಸಿದವರು ಖಾಲಾ. ನಮ್ಮವ್ವ ಸುದ್ದಿ ತಿಳಿದು ಬರುವಷ್ಟರಲ್ಲಿ ನಾನು ಎದ್ದು ಓಡಾಡುತ್ತಿದ್ದೆ.

ನಡಿಗೆ ನೋಡಿ ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೂ ಹರಿಹರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿಯೂ ಕಣ್ಣು ಮುಚ್ಚಲಿಲ್ಲ.

ಮೇ 14, ಬುಧವಾರ

ಖಾಲಾರ ರಿಪೋರ್ಟ್ ಬಂತು. ಗಡ್ಡೆ ನಲವತ್ತೊಂದು ಮಿಲಿಮೀಟರ್. ಫೆಬ್ರವರಿಯಲ್ಲಿ ಮೂವತ್ನಾಲ್ಕು. ಶೇಕಡಾ ಇಪ್ಪತ್ತು ದಾಟಿದರೆ ಗಡ್ಡೆ ಬೆಳೆದಿದೆ, ಔಷಧ ಸೋತಿದೆ ಎಂದು ಲೆಕ್ಕ. ಇದು ಇಪ್ಪತ್ತು ಚಿಲ್ಲರೆ.

ನಲವತ್ತೊಂದು ಅಳೆದವರು ಡಾಕ್ಟರ್ ವಾಮದೇವಪ್ಪ. ಏಪ್ರಿಲ್‌ನಿಂದ ನಮ್ಮ ಸೆಂಟರಿನಲ್ಲೇ ಕೂತು ರಿಪೋರ್ಟ್ ಬರೆಯುತ್ತಾರೆ. ಕನ್ನಡಕವನ್ನು ಹಣೆಗೇರಿಸಿ, ಮೂಗನ್ನು ಸ್ಕ್ರೀನಿಗೆ ತಗುಲಿಸಿ, ತಾವೇ ಅಳೆಯುತ್ತಾರೆ. ಅದಕ್ಕೆ ಮೊದಲು ಆ ಪದ್ಧತಿ ಇರಲಿಲ್ಲ. ಬೇರೆ ಊರಿನಲ್ಲಿ ಕೂತ ಡಾಕ್ಟರಿಗೆ ಚಿತ್ರ ಕಳಿಸುತ್ತಿದ್ದೆವು. ಅವರಿಗೆ ದಿನಕ್ಕೆ ನೂರು ಕೇಸು. ಟೆಕ್ನೀಷಿಯನ್ನೇ ಗಡ್ಡೆಯ ಮೇಲೆ ಗೆರೆ ಎಳೆದು ಅಳತೆ ಹಾಕಿ ಕಳಿಸಿದರೆ ಅವರು ಅದನ್ನೇ ಎತ್ತಿ ಬರೆಯುತ್ತಿದ್ದರು. ಮೂವತ್ನಾಲ್ಕು ನಾನು ಹಾಕಿದ ಅಳತೆ.

ಎದೆಯ ಒಂದೇ ಚಿತ್ರವನ್ನು ಸ್ಕ್ರೀನಿನಲ್ಲಿ ಎರಡು ಬಗೆಯಲ್ಲಿ ನೋಡಬಹುದು. ಶ್ವಾಸಕೋಶಕ್ಕೆಂದೇ ಇರುವ ಬಗೆಯಲ್ಲಿ ಗಡ್ಡೆಯ ಸುತ್ತಲಿನ ಎಳೆ ಎಳೆ ಅಂಚೂ ಕಾಣುತ್ತದೆ. ಅಳೆಯಬೇಕಾದದ್ದು ಅದರಲ್ಲಿ. ಇನ್ನೊಂದು ಮಾಂಸ, ರಕ್ತನಾಳ ನೋಡುವುದಕ್ಕೆ. ಅದರಲ್ಲಿ ಅಂಚು ಮಾಯವಾಗಿ ನಡುವಿನ ಗಟ್ಟಿ ಭಾಗವಷ್ಟೇ ಉಳಿಯುತ್ತದೆ. ಫೆಬ್ರವರಿಯಲ್ಲಿ ನಾನು ಈ ಎರಡನೆಯದರಲ್ಲಿ ಅಳೆದಿದ್ದೆ.

ಅವತ್ತು ರಶ್ಶು ಬಹಳ ಇತ್ತು. ಹೊರಗೆ ಆ್ಯಕ್ಸಿಡೆಂಟ್ ಕೇಸು ಬೇರೆ ಕಾಯುತ್ತಿತ್ತು. ಯಾರಿಗಾದರೂ ಆಗುವ ತಪ್ಪು.

ಮೇ 17, ಶನಿವಾರ

ರುಮಾನಾ ಫೋನ್ ಮಾಡಿದ್ದಳು. ಕ್ಯಾನ್ಸರ್ ಆಸ್ಪತ್ರೆಯ ಡಾಕ್ಟರು ರಿಪೋರ್ಟ್ ನೋಡಿ ಮಾತ್ರೆ ನಿಲ್ಲಿಸಿದ್ದಾರೆ. ಬುಧವಾರದಿಂದ ಕಿಮೋ.

"ಅಮ್ಮಿ ಜಗಳಾನೇ ಮಾಡಿದ್ರು ಅಣ್ಣಾ. ನಂಗೆ ಚಲೋ ಐತಿ, ಮಾತ್ರೆ ಬಿಡ್ಸಬ್ಯಾಡ್ರಿ ಅಂತ. ಡಾಕ್ಟ್ರು ಅಂದ್ರು, ನಿಮಗೆ ಹಂಗೆ ಅನ್ಸುತ್ತೆ ಅಷ್ಟೆ, ರಿಪೋರ್ಟ್ ಸುಳ್ಳು ಹೇಳಲ್ಲ ಅಂತ."

ಅಳತೆಯ ಮಾತು ಎತ್ತಲಿಲ್ಲ. ಧೈರ್ಯ ಹೇಳಿದೆ. ಬೇರೆಯವರಿಗೆ ಧೈರ್ಯ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಮೇ 19, ಸೋಮವಾರ

ಹದಿನಾರು ಪೇಷಂಟು. ಡಾಕ್ಟರ್ ವಾಮದೇವಪ್ಪನವರ ಬಾಗಿಲ ತನಕ ಎರಡು ಸಲ ಹೋದೆ. ಹೇಳಲಿಲ್ಲ.

ಮೇ 20, ಮಂಗಳವಾರ

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಫೆಬ್ರವರಿಯ ಸ್ಕ್ಯಾನು ತೆರೆದೆ. ಸರಿಯಾದ ಬಗೆಯಲ್ಲಿ ಅಳೆದೆ. ನಲವತ್ತೆಂಟು.

ಅಂದರೆ ಮೂರು ತಿಂಗಳಲ್ಲಿ ಗಡ್ಡೆ ನಲವತ್ತೆಂಟರಿಂದ ನಲವತ್ತೊಂದಕ್ಕೆ ಇಳಿದಿದೆ. ಖಾಲಾ ಹೇಳಿದ್ದೇ ನಿಜ. ಮಾತ್ರೆ ಹಿಡಿದಿದೆ. ಹಿಡಿದ ಮಾತ್ರೆಯನ್ನು ನನ್ನ ಒಂದು ಅಂಕಿ ಬಿಡಿಸಿ ಹಾಕಿದೆ.

ಇನ್ನೂ ಒಂದನ್ನು ಬರೆಯಬೇಕು. ಇದನ್ನು ಓದುವವಳು ಸುಮಾ ಒಬ್ಬಳೇ, ಅವಳೂ ಓದುವುದಿಲ್ಲ. ಗಂಡನ ಅಕ್ಷರಕ್ಕಿಂತ ಗಂಡನ ಮುಖ ಓದುವುದು ಸುಲಭ ಎನ್ನುತ್ತಾಳೆ.

ಮೊನ್ನೆ ರಶ್ಶು ಇತ್ತು ಎಂದು ಬರೆದೆನಲ್ಲ, ಅದು ಸುಳ್ಳು. ಫೆಬ್ರವರಿಯಲ್ಲಿ ನಾನು ಮೊದಲು ಸರಿಯಾಗಿಯೇ ಅಳೆದಿದ್ದೆ. ನಲವತ್ತೆಂಟು ಬಂದಿತ್ತು. ಅಷ್ಟರಲ್ಲಿ ರುಮಾನಾ ಬಾಗಿಲಲ್ಲಿ ತಲೆ ಹಾಕಿದಳು.

"ಅಣ್ಣಾ, ಅಮ್ಮಿಗೆ ಅಂಕಿ ಓದಾಕೆ ಬರ್ತೈತೆ. ಎಲ್ಲಾ ಕಾಗದ ಇಸ್ಕಂಡು ನೋಡ್ತಾರೆ. ಸ್ವಲ್ಪ ಸಣ್ಣದು ಅಂತ ಬರ್ಸಿ ಕೊಡ್ರಿ, ಹೆದರ್ಕೊಂಡು ಬಿಡ್ತಾರೆ."

ನಮ್ಮಲ್ಲಿ ಇದು ಹೊಸತೇನಲ್ಲ. ದಿನಕ್ಕೆ ಇಬ್ಬರಾದರೂ ಹೀಗೆ ಕೇಳುತ್ತಾರೆ. ಅಪ್ಪನಿಗೆ ಗೊತ್ತಾಗಬಾರದು, ಅತ್ತೆಗೆ ಗೊತ್ತಾಗಬಾರದು, ಬರೀ ಕಫ ಅಂತ ಹೇಳಿ. ನಾನೂ ಕಫ ಎನ್ನುತ್ತೇನೆ. ಬಾಯಿಮಾತು, ಯಾರಿಗೂ ನಷ್ಟವಿಲ್ಲ. ಆದರೆ ಅಳತೆಯನ್ನು ಯಾವತ್ತೂ ಮುಟ್ಟಿರಲಿಲ್ಲ. ಅವತ್ತು ಖಾಲಾ ಮೇಜಿನ ಮೇಲೆ ಮಲಗಿ, ಉಸಿರು ಹಿಡೀರಿ ಎಂದರೆ ಹಿಡಿಯಲಾಗದೆ ಕೆಮ್ಮಿದ್ದು ಕಣ್ಣ ಮುಂದೆಯೇ ಇತ್ತು. ಚಿತ್ರವನ್ನು ಇನ್ನೊಂದು ಬಗೆಗೆ ತಿರುಗಿಸಿದೆ. ಗಡ್ಡೆ ಸಣ್ಣಗಾಯಿತು. ಮೂವತ್ನಾಲ್ಕು. ನಾಲ್ಕು ಸೆಂಟಿಮೀಟರ್ ದಾಟಿದರೆ ಕಾಯಿಲೆಯ ಹಂತದಲ್ಲಿ ಗಡ್ಡೆಗೆ ಒಂದು ಮೆಟ್ಟಿಲು ಹೆಚ್ಚು. ಇದು ದಾಟಿರಲಿಲ್ಲ. ಹೇಗಿದ್ದರೂ ಎದೆಯಲ್ಲಿ ನೀರು ತುಂಬಿದೆ, ಹಂತ ಕೊನೆಯದೇ, ಗಡ್ಡೆ ಎಷ್ಟಿದ್ದರೇನು ಔಷಧ ಅದೇ ಎಂದು ನನಗೆ ನಾನೇ ಹೇಳಿಕೊಂಡು ಗೆರೆ ಎಳೆದೆ.

ಮುಂದಿನ ಸ್ಕ್ಯಾನನ್ನು ಈ ಅಂಕಿಯ ಪಕ್ಕ ಇಟ್ಟು ನೋಡುತ್ತಾರೆ ಎಂಬುದು ಹೊಳೆಯಲೇ ಇಲ್ಲ. ಹದಿನೆಂಟು ವರ್ಷ ಇದೇ ಕೆಲಸ ಮಾಡಿದವನಿಗೆ.

ಮೇ 21, ಬುಧವಾರ

ಕಿಮೋ ಕೊಟ್ಟರಂತೆ.

ಮೇ 25, ಭಾನುವಾರ

ರಜೆ. ಬೆಳಿಗ್ಗೆ ಹೊಳೆ ಕಡೆ ಹೋಗಿ ಕೂತೆ. ಪಕ್ಕದಲ್ಲಿ ಇಬ್ಬರು ಯಾವುದೋ ಕಳ್ಳತನದ ಮಾತಾಡುತ್ತಿದ್ದರು. ನನಗೇ ಹೇಳುತ್ತಿದ್ದಾರೇನೋ ಎನಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಹೆಗಲು ಸವೆದು ಹೋಗಿದೆ.

ಊಟ ಮಾಡುವಾಗ ಸುಮಾಳಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು.

"ಈಗ ಹೇಳಿದ್ರೆ ಕೆಲ್ಸ ಹೋಗ್ತೈತೆ," ಎಂದೆ. "ಒಂದು ಕಿಮೋ ಆಗೇಬಿಟ್ಟೈತೆ. ಕಿಮೋನೂ ಔಷಧಾನೇ ಅಲ್ವಾ?"

ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಾಳೆ ನನ್ನ ಎದೆಗೆ ಏನಾದ್ರೂ ಆದ್ರೆ ನೀವು ಅಳೀಬ್ಯಾಡ್ರಿ. ಬ್ಯಾರೆ ಯಾರ ಹತ್ರಾನಾದ್ರೂ ಕಳ್ಸ್ರಿ," ಎಂದಳು.



ಮೇ 28, ಬುಧವಾರ

ಸಣ್ಣ ಕಾಗದದಲ್ಲಿ ಬರೆದು ಡಾಕ್ಟರ ಮೇಜಿನ ಮೇಲೆ ಇಡೋಣವೆಂದು ಬರೆದೆ. ಹರಿದೆ. ನಾನೊಬ್ಬ ಹೇಡಿ. ಇದನ್ನು ಬರೆಯುವುದಕ್ಕೆ ಮಾತ್ರ ಧೈರ್ಯವಿದೆ.

ಮೇ 30, ಶುಕ್ರವಾರ

ಖಾಲಾಗೆ ಜ್ವರ. ನೂರಾ ಮೂರು. ರಕ್ತದಲ್ಲಿ ಬಿಳಿಕಣಗಳು ಇಳಿದುಹೋಗಿವೆ, ಕಿಮೋದಿಂದ ಹೀಗಾಗುತ್ತದೆ. ಅಡ್ಮಿಟ್ ಮಾಡಿದ್ದಾರೆ. ಕೆಲಸ ಮುಗಿಸಿದವನೇ ನೋಡಲು ಹೋದೆ. ಒಳಗೆ ಬಿಡಲಿಲ್ಲ. ಗಾಜಿನ ಆಚೆ ಕಂಡರು. ಹದಿನೇಳು ದಿನದ ಹಿಂದೆ ನಡೆದು ಬಂದಿದ್ದ ಹೆಂಗಸು. ನೀರಿನ ಲೋಟ ಎತ್ತಿಕೊಳ್ಳಲು ರುಮಾನಾ ಕೈ ಹಿಡಿಯಬೇಕಾಯಿತು. ಇದನ್ನು ಮಾಡಿದ್ದು ನಾನು.

ಮೇ 31, ಶನಿವಾರ

ಹೇಳಿದೆ.

ಡಾಕ್ಟರು ಇವತ್ತು ಸೆಂಟರಿಗೆ ಬಂದಿರಲಿಲ್ಲ. ನಿಜಲಿಂಗಪ್ಪ ಬಡಾವಣೆಯ ಅವರ ಮನೆಗೇ ಹೋದೆ. ಅಂಗಳದಲ್ಲಿ ಪೈಪು ಹಿಡಿದು ಗಿಡಕ್ಕೆ ನೀರು ಬಿಡುತ್ತಿದ್ದರು. "ಬಾರಪ್ಪ ಹಾಲಸ್ವಾಮಿ, ಕೂಡು," ಎಂದು ಪೂರ್ತಿ ಹೆಸರು ಹಿಡಿದು ಕರೆದರು. ಕೂರಲಿಲ್ಲ. ನಿಂತೇ ಒಂದೇ ಉಸಿರಿನಲ್ಲಿ ಹೇಳಿದೆ. ರುಮಾನಾ ಕೇಳಿದ್ದನ್ನು ಬಿಟ್ಟು ಉಳಿದ ಎಲ್ಲವನ್ನೂ. ಗಿಡದ ಬುಡ ತುಂಬಿ ನೀರು ಕಲ್ಲಿನ ಮೇಲೆ ಹರಿಯುತ್ತಿತ್ತು. ನಲ್ಲಿ ನಿಲ್ಲಿಸಿ, ಮನೆಯ ಲುಂಗಿಯಲ್ಲೇ ಚಪ್ಪಲಿ ಮೆಟ್ಟಿ, "ನಡಿ ಸೆಂಟರಿಗೆ," ಎಂದರು.

ಅಲ್ಲಿ ಎರಡೂ ಬಗೆಯಲ್ಲಿ ಅಳೆದರು. ನಲವತ್ತೆಂಟು, ಮೂವತ್ನಾಲ್ಕು.

"ಎರಡೂ ಸರಿಯಾಗೇ ಅಳೆದೀಯ. ಅಳೆಯಾಕೆ ಬರ್ದೆ ತಪ್ಪು ಮಾಡಿದ್ರೆ ನಾನು ಬೈತಿರ್ಲಿಲ್ಲ, ಕಲಿಸ್ತಿದ್ದೆ."

ಕ್ಯಾನ್ಸರ್ ಆಸ್ಪತ್ರೆಯ ಡಾಕ್ಟರಿಗೆ ನನ್ನೆದುರೇ ಫೋನ್ ಮಾಡಿದರು. ಹಳೆಯ ಅಳತೆ ತಪ್ಪು, ಗಡ್ಡೆ ಬೆಳೆದಿಲ್ಲ, ಇಳಿದಿದೆ ಎಂದು ತಿದ್ದುಪಡಿ ರಿಪೋರ್ಟ್ ಬರೆದು ಸಹಿ ಮಾಡಿದರು. ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ನಾನು ರಿಪೋರ್ಟ್ ಬರೆದದ್ದು ಹದಿನಾಲ್ಕನೇ ತಾರೀಖು. ಅವತ್ತೇ ನಿಂಗೆ ಗೊತ್ತಿತ್ತು. ಇಷ್ಟು ದಿನ ಏನ್ ಮಾಡ್ತಿದ್ದೆ?"

ಡೈರಿ ಬರೆಯುತ್ತಿದ್ದೆ ಎನ್ನಲು ನಾಚಿಕೆಯಾಯಿತು.

ಜೂನ್ 2, ಸೋಮವಾರ

ಮಾಲೀಕರು ಬರಹದಲ್ಲಿ ವಿವರಣೆ ತೆಗೆದುಕೊಂಡರು. ಕೆಲಸದಿಂದ ತೆಗೆಯಲಿಲ್ಲ. ಡಾಕ್ಟರ್ ವಾಮದೇವಪ್ಪ ಬೇಡ ಎಂದರಂತೆ. ಇನ್ನು ಮೇಲೆ ಅಳತೆಯ ಮೌಸನ್ನು ನಾನು ಮುಟ್ಟುವಂತಿಲ್ಲ. ಪೇಷಂಟನ್ನು ಮಲಗಿಸುವುದು, ಎಬ್ಬಿಸುವುದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಹೋದದ್ದು ಹದಿನಾಲ್ಕು ಮಿಲಿಮೀಟರಿಗೆ.

ಇವತ್ತು ಮಲೆಬೆನ್ನೂರಿನಿಂದ ದುರುಗಮ್ಮ ಎನ್ನುವವರು ಬಂದಿದ್ದರು. ಮಿಷನ್ನಿನ ಸದ್ದಿಗೆ ಹೆದರಿ ಇಳಿದುಬಿಟ್ಟರು. ಅವರ ಪಕ್ಕ ಕೂತು ಅವರ ಎಮ್ಮೆಯ ವಿಷಯ ಕೇಳಿದೆ. ಎಮ್ಮೆ ಈದ ಕತೆ ಮುಗಿಸಿ ತಾವೇ ಹೋಗಿ ಮಲಗಿದರು.

ಜೂನ್ 4, ಬುಧವಾರ

ಖಾಲಾ ನಿನ್ನೆ ಮನೆಗೆ ಬಂದರು. ಶನಿವಾರ ಬಕ್ರೀದ್. ಓಣಿಯಲ್ಲಿ ಆಡುಗಳನ್ನು ಕಟ್ಟಿದ್ದರು. ಇಪ್ಪತ್ತು ವರ್ಷದ ಹಿಂದೆ ನಾನು ಹತ್ತಿ ಇಳಿದ ಅದೇ ಕಟ್ಟೆ. ಚಪ್ಪಲಿ ಕಳಚಿ ಹತ್ತಿದೆ.

ಖಾಲಾ ಮಂಚದ ಮೇಲೆ ಒರಗಿದ್ದರು. ದಿಂಬಿನ ಮೇಲೆ ಕೂದಲು ಉದುರಿತ್ತು. ನನ್ನನ್ನು ನೋಡಿ ಮುಖ ಅರಳಿತು.

"ಬಾರೋ ಹಾಲಪ್ಪ. ನೀನೇ ಅಂತೆ ತಪ್ಪು ಹುಡುಕಿ ಕೊಟ್ಟಾವ. ಮತ್ತೆ ಮಾತ್ರೆ ಕೊಡ್ತಾರಂತೆ. ರುಮಾನಾ, ಅಣ್ಣಗೆ ಚಾ ಇಡು."

ಅವರಿಗೆ ಅಷ್ಟೇ ತಿಳಿದಿತ್ತು. ಚಾ ಕುಡಿದು ಎದ್ದು ಬರಬಹುದಿತ್ತು. ಬರೆಯಲು ನಾಚಿಕೆ, ಆದರೆ ಒಂದು ಗಳಿಗೆ ಹಾಗೇ ಮಾಡೋಣ ಎನಿಸಿತು.

"ಹುಡುಕಿದ್ದಲ್ಲ ಖಾಲಾ. ಮಾಡಿದ್ದೇ ನಾನು. ನಲವತ್ತೆಂಟು ಇತ್ತು. ನಾನು ಬೇಕಂತ ಮೂವತ್ನಾಲ್ಕು ಹಾಕಿದೆ. ನಿಮಗೆ ಹೆದರಿಕೆ ಆಗಬಾರ್ದು ಅಂತ."

ಒಲೆಯ ಹತ್ತಿರದಿಂದ ರುಮಾನಾ ಬಂದು ನಿಂತಳು. ಅವಳ ಹೆಸರು ನಾನು ಎತ್ತಿರಲಿಲ್ಲ. ಎತ್ತಬಾರದೆಂದೇ ಬಂದಿದ್ದೆ.

"ನಾನೇ ಕೇಳಿದ್ದು ಅಮ್ಮಿ. ಸಣ್ಣದು ಬರ್ಸಿ ಅಂತ ನಾನೇ ಅಣ್ಣಗೆ ಹೇಳಿದ್ದು," ಎಂದು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಖಾಲಾ ಮಂಚದ ಮೇಲೆ ಎದ್ದು ಕೂತರು. ಇಪ್ಪತ್ತು ವರ್ಷದಲ್ಲಿ ನಾನು ಅವರ ಸಿಟ್ಟನ್ನು ಕಂಡಿರಲಿಲ್ಲ.

"ನಲವತ್ತು ವರ್ಷ ಬೆಂಕಿ ಮುಂದೆ ಕೂತೀನಿ. ಬೆಂಕಿ ಎಷ್ಟೈತೆ ಅಂತ ಯಾವನೂ ನಂಗೆ ಕಮ್ಮಿ ಮಾಡಿ ಹೇಳಿಲ್ಲ. ಈ ಎದಿ ನಂದು. ಅದ್ರಾಗಿರೋ ಗಡ್ಡೆನೂ ನಂದು. ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ಲಾ ನಿಮಗೆ?"

ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಗೋಡೆ ಕಡೆ ತಿರುಗಿ ಮಲಗಿದರು. "ಹೋಗು," ಎಂದರು.

ಜೂನ್ 9, ಸೋಮವಾರ

ಇವತ್ತಿಂದ ಮಾತ್ರೆ ಶುರು ಮಾಡಿದ್ದಾರೆ. ಇಪ್ಪತ್ಮೂರು ದಿನ ನಿಂತಿತ್ತು.

ಜುಲೈ 11, ಶುಕ್ರವಾರ

ರುಮಾನಾ ಶಾಲೆ ಬಿಟ್ಟ ಮೇಲೆ ಸೆಂಟರಿನ ಹತ್ತಿರ ಬಂದಿದ್ದಳು. ಮಕ್ಕಳಿಗೆ ಲೆಕ್ಕ ಕಲಿಸುವ ಟೀಚರು. ತೀರಾ ಇಳಿದುಹೋಗಿದ್ದಾಳೆ. ಬಸ್ಸಿನ ಸದ್ದಿನಲ್ಲಿ ಅವಳ ಮಾತು ಅರ್ಧ ಕೇಳುತ್ತಿರಲಿಲ್ಲ.

"ಅಮ್ಮಿ ನನ್ನ ಜತೆ ಮಾತಾಡ್ತಾರೆ ಅಣ್ಣಾ, ಏನೂ ಅನ್ನಲ್ಲ. ನಂಗೇ ತಡಿಯಾಕಾಗ್ತಿಲ್ಲ. ಅವತ್ತು ನಾನು ಬಾಯಿ ಬಿಡದಿದ್ದಿದ್ರೆ ನೀವು ಸರಿಯಾಗೇ ಬರೀತಿದ್ರಿ. ಅಮ್ಮಿಗೆ ಏನಾದ್ರೂ ಆದ್ರೆ ನಾನು ಕೊಂದಂಗೆ."

"ಗೆರೆ ಎಳೆದ ಕೈ ನಂದು, ರುಮಾನಾ."

"ಎಳಿಸಿದ್ದು ನಾನಲ್ವಾ?"

ಏನು ಹೇಳಿದರೂ ಕೇಳಲಿಲ್ಲ. ನಿಜ ಹೇಳಿದರೆ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ನನ್ನದು ಇಳಿಯಲಿಲ್ಲ, ಅವಳಿಗೂ ಹೊರಿಸಿದೆ. ರಾತ್ರಿ ಅವಳು ಊಟ ಮಾಡುವುದಿಲ್ಲವಂತೆ.

ಆಗಸ್ಟ್ 9, ಶನಿವಾರ

ಬೆಳಿಗ್ಗೆ ಹಂಪವ್ವ ಬಂದಿದ್ದರು, ಹೊಟ್ಟೆ ನೋವು. ಆಮೇಲೆ ಹೊನ್ನಾಳಿ ಕಡೆಯ ಮಾರಣ್ಣ. ಅವರ ಮಗ ನನ್ನನ್ನು ಪಕ್ಕಕ್ಕೆ ಕರೆದು, "ಅಪ್ಪಗೆ ಕಫ ಅಂತ ಹೇಳ್ಬಿಡ್ರಿ," ಎಂದ. "ನಿಮ್ಮಪ್ಪನ್ನ ಕೇಳಿ ಹೇಳ್ತೀನಿ," ಎಂದೆ. ಅವನಿಗೆ ಸಿಟ್ಟು ಬಂತು. ಮಾರಣ್ಣನಿಗೆ ಮಲಗಲು ದಿಂಬು ಎತ್ತರ ಬೇಕಿತ್ತು, ಎರಡು ಕೊಟ್ಟೆ. ಬೇರೆ ವಿಶೇಷವಿಲ್ಲ.

ಸುಮಾ ಬುತ್ತಿಗೆ ಚಿತ್ರಾನ್ನ ಕಟ್ಟಿದ್ದಳು.

ಆಗಸ್ಟ್ 26, ಮಂಗಳವಾರ

ನಾಳೆ ಗಣೇಶನ ಹಬ್ಬ. ರಸ್ತೆ ತುಂಬ ಟ್ರ್ಯಾಕ್ಟರು, ಡೊಳ್ಳು. ಖಾಲಾರ ಮೂರನೇ ಸ್ಕ್ಯಾನು ಇವತ್ತು.

ನನ್ನನ್ನು ಬಿಟ್ಟು ಬೇರೆಯವರು ಮಲಗಿಸಲಿ ಎಂದು ಒಳಗೇ ನಿಂತಿದ್ದೆ. "ಹಾಲಪ್ಪನ್ನ ಕರೀರಿ," ಎಂದರಂತೆ. ಹೋದೆ. ಕೈಗಳನ್ನು ತಲೆಯ ಮೇಲೆ ಇಡಿಸಿದೆ. ಉಸಿರು ಹಿಡೀರಿ ಎಂದಾಗ ಹಿಡಿದರು. ಎದ್ದು ಕೂತ ಮೇಲೆ, "ಅಂಕಿ ಮೊದ್ಲು ನಂಗೆ ಹೇಳ್ಬೇಕು. ರುಮಾನಾಗಿಂತ ಮೊದ್ಲು. ನಿಜಾನೇ ಹೇಳ್ಬೇಕು," ಎಂದರು. ಜೂನ್ ನಾಲ್ಕರ ನಂತರ ನನ್ನ ಜೊತೆ ಆಡಿದ ಮೊದಲ ಮಾತು.

ಡಾಕ್ಟರ್ ವಾಮದೇವಪ್ಪ ಅಳೆಯುವಾಗ ಹಿಂದೆ ನಿಂತಿದ್ದೆ. ಐವತ್ತು. ಅಳಿಸಿ ಮತ್ತೆ ಅಳೆದರು. ಐವತ್ತೇ. ಮೇ ತಿಂಗಳಲ್ಲಿ ನಲವತ್ತೊಂದು ಇತ್ತು.

"ಈ ಸಲ ನಿಜವಾಗ್ಲೂ ಬೆಳೆದೈತೆ," ಎಂದರು.

"ಆ ಇಪ್ಪತ್ಮೂರು ದಿನದಿಂದಾನಾ ಸಾರ್?"

"ಈ ಮಾತ್ರೆ ಒಂದಲ್ಲ ಒಂದು ದಿನ ಎಲ್ಲರಿಗೂ ಸೋಲ್ತೈತೆ. ನಿನ್ನಿಂದ ಅಂತಾನೂ ನಾನು ಹೇಳಾಕಾಗಲ್ಲ, ನಿನ್ನಿಂದ ಅಲ್ಲ ಅಂತಾನೂ ಹೇಳಾಕಾಗಲ್ಲ."

ಹೊರಗೆ ಬಂದೆ. ಖಾಲಾ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ರುಮಾನಾ ಚಾ ತರಲು ಹೋಗಿದ್ದಳು. ಪಕ್ಕದಲ್ಲಿ ಕೂತೆ.

"ಎಷ್ಟೈತೆ?"

"ಐವತ್ತು, ಖಾಲಾ."

"ಹೋದ ಸಲ?"

"ನಲವತ್ತೊಂದು."

ಬೆರಳು ಮಡಚಿ ಎಣಿಸಿದರು. "ಒಂಬತ್ತು ಜಾಸ್ತಿ."

"ಹೌದು."

ಸೆರಗನ್ನು ತಲೆಯ ಮೇಲೆ ಸರಿ ಮಾಡಿಕೊಂಡರು. ಸಣ್ಣ ಸಣ್ಣ ಕೂದಲು ಮತ್ತೆ ಬರುತ್ತಿದೆ. ಅಳಲಿಲ್ಲ.  ಅಷ್ಟರಲ್ಲಿ ರುಮಾನಾ ಮೂರು ಲೋಟ ಹಿಡಿದು ಬಂದಳು. ನಮ್ಮನ್ನು ಒಟ್ಟಿಗೆ ನೋಡಿ ದೂರದಲ್ಲೇ ನಿಂತಳು. 

"ಏನಂತೆ ಅಣ್ಣಾ?"

ಖಾಲಾ ನನ್ನ ಮುಂಗೈ ಒತ್ತಿ ಹಿಡಿದರು. ಅಷ್ಟು ಶಕ್ತಿ ಅವರಲ್ಲಿ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ.

"ಇಳಿದೈತಂತೆ ಬೇಟಾ. ಮಾತ್ರೆ ಹಿಡಿದೈತಂತೆ. ಚಾ ಕೊಡು ಇಲ್ಲಿ, ಆರೋಗ್ತೈತೆ."

ರುಮಾನಾ ಲೋಟಗಳನ್ನು ಬೆಂಚಿನ ಮೇಲಿಟ್ಟಳು. ಅಮ್ಮಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಮೂರು ತಿಂಗಳಿಂದ ತಡೆದು ಹಿಡಿದದ್ದನ್ನೆಲ್ಲ ಅತ್ತಳು. ಆಮೇಲೆ ಮುಖ ಎತ್ತಿ ನನ್ನನ್ನು ಕೇಳಿದಳು.

"ನಿಜಾನಾ ಅಣ್ಣಾ?"

ಗುರುವಾರ ಆಸ್ಪತ್ರೆಯಲ್ಲಿ ಡಾಕ್ಟರು ರಿಪೋರ್ಟ್ ಓದಿದಾಗ ಅವಳಿಗೆ ಗೊತ್ತಾಗೇ ಆಗುತ್ತದೆ. ಖಾಲಾಗೂ ಅದು ಗೊತ್ತು. ಮಗಳ ತಲೆ ಸವರುತ್ತಾ, ಚಾ ಕುಡಿಯುತ್ತಾ, ಅವರು ನನ್ನನ್ನೇ ನೋಡುತ್ತಿದ್ದರು.

"ಹ್ಞೂ," ಎಂದೆ.